ಯಜಮಾನರ ಅಚ್ಚು

ನಮ್ಮೂರಿನಲ್ಲಿ ಸಾಯುವುದು ಸುಲಭ, ಸತ್ತಿದ್ದಾರೆಂದು ಒಪ್ಪಿಸುವುದು ಕಷ್ಟ. ಮನೆಯವರು ಅತ್ತರೆ ಸಾಲದು, ಹೆಣ ಅಂಗಳದಲ್ಲಿ ಮಲಗಿದ್ದರೂ ಸಾಲದು. ಮಾರನೆಯ ಸಂಜೆ ಆಕಾಶದಲ್ಲಿ ಹೊಸ ಚುಕ್ಕಿ ಬರಬೇಕು. ಅದನ್ನು ನಮ್ಮ ಕಚೇರಿ ಗುರುತಿಸಬೇಕು. ಗುರುತಿಸಿದ್ದನ್ನು ಕಪ್ಪು ಕಾಗದದ ಮೇಲೆ ಬಿಳಿ ಬೊಟ್ಟಾಗಿ ಪ್ರಿಂಟ್ ತೆಗೆದು, ಕೆಳಗೆ ಹೆಸರು ಬರೆದು ಕೊಡಬೇಕು. ಅದಕ್ಕೆ ಚುಕ್ಕಿಪಟ ಎನ್ನುತ್ತಾರೆ. ಪಟ ಕೈಗೆ ಬಂದ ಮೇಲೆಯೇ ತಲೆ ಬೋಳಿಸುವುದು, ತಿಥಿ ಮಾಡುವುದು, ವಡೆ ಕರಿಯುವುದು. ಅಲ್ಲಿಯವರೆಗೆ ಸತ್ತವನು ಸತ್ತಿಲ್ಲ, ಎಲ್ಲೋ ಹೋಗಿದ್ದಾನೆ ಅಷ್ಟೇ. ಇಲ್ಲಿ ಹುಟ್ಟಿದವರು ಯಾವ ಸೀಮೆಗೆ ಹೋಗಿ ಸತ್ತರೂ ಚುಕ್ಕಿ ಬರುವುದು ನಮ್ಮೂರಿನ ಮೇಲೆಯೇ, ಹಾಗಾಗಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈ ತೊಳೆಯುವ ಮೊದಲೇ "ನಿಮ್ಮಜ್ಜಿ ಯಾವ ಕಡೆ ಇದ್ದಾರೆ" ಎಂದು ಕೇಳುತ್ತಾರೆ. ದಕ್ಷಿಣದ ಕಡೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದುಕೊಂಡಿವೆ, ಅಲ್ಲಿಯವರು ಎಂದರೆ ಸ್ವಲ್ಪ ಮೂಗು ಮುರಿಯುವುದಿದೆ. ಜಗಳ ಬಿದ್ದರೆ ನಿನ್ನ ಚುಕ್ಕಿ ಮಂಕಾಗ್ಲಿ ಎಂದು ಮಣ್ಣು ತೂರುತ್ತಾರೆ. ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕತ್ತು ಮೇಲೆ ಮಾಡಿ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಅವರು ಯಾರ ಜೊತೆಗೋ ಇದ್ದಾರೆ ಎಂದು ಬಿಟ್ಟುಬಿಡುತ್ತಾರೆ.

ಆದರೆ ನಮ್ಮ ಆಕಾಶ ತಿಳಿಯಾದುದಲ್ಲ. ಬರಿಗಣ್ಣಿಗೆ ಕಾಣುವುದು ಚುಕ್ಕಿಗಳಲ್ಲ, ಕಲೆಗಳು. ಬಿಳಿ ಪಂಚೆಯ ಮೇಲೆ ಎಣ್ಣೆ ಹನಿ ಬಿದ್ದ ಹಾಗೆ ಪ್ರತಿ ಚುಕ್ಕಿಯೂ ಸುತ್ತ ಹರಡಿಕೊಂಡು ಪಕ್ಕದವರ ಮೇಲೆ ಚೆಲ್ಲಿರುತ್ತದೆ. ಎಲ್ಲಿ ಒಬ್ಬರು ಮುಗಿದು ಎಲ್ಲಿ ಇನ್ನೊಬ್ಬರು ಶುರುವಾಗುತ್ತಾರೆ ಎಂದು ಬಿಡಿಸಿ ಹೇಳುವುದೇ ನಮ್ಮ ಕಚೇರಿಯ ಕೆಲಸ. ಸಂಜೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ಬೆಳಿಗ್ಗೆ ನಾನು ಬಂದು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಮೊದಲು ಒಂದು ಒಂಟಿ ಚುಕ್ಕಿಯನ್ನು ಹಿಡಿದು, ಅದು ನಡುವೆ ಎಷ್ಟು ದಟ್ಟವಾಗಿದೆ, ಅಂಚಿನಲ್ಲಿ ಎಷ್ಟು ತೆಳುವಾಗಿದೆ, ಯಾವ ಕಡೆ ವಾಲಿದೆ ಎಂದು ಸಾಫ್ಟ್‌ವೇರ್‌ಗೆ ಕಲಿಸಬೇಕು. ಆ ಹರವಿನ ಆಕಾರಕ್ಕೆ ನಾವು ಅಚ್ಚು ಎನ್ನುತ್ತೇವೆ. ಇರುವುದು ಒಂದೇ ಗಾಳಿ, ಒಂದೇ ಕ್ಯಾಮೆರಾ, ಆದ್ದರಿಂದ ಎಲ್ಲ ಚುಕ್ಕಿಗಳೂ ಆವತ್ತು ಒಂದೇ ಥರ ಹರಡಿರಬೇಕು. ಸಾಫ್ಟ್‌ವೇರ್ ಆ ಅಚ್ಚನ್ನು ಚಿತ್ರದ ತುಂಬ ಕೂರಿಸುತ್ತಾ ಹೋಗುತ್ತದೆ. ಕಲೆಯ ಮೇಲೆ ಒಂದು ಅಚ್ಚು ಕೂತರೆ ಅಲ್ಲಿ ಒಬ್ಬರು, ಎರಡು ಬೇಕಾದರೆ ಇಬ್ಬರು. ಲೆಕ್ಕಕ್ಕೆ ಸಿಕ್ಕ ಬೆಳಕನ್ನು ಚಿತ್ರದಿಂದ ಕಳೆದು, ಉಳಿದ ಪುಡಿಬೆಳಕಿನಲ್ಲಿ ಮಂಕಾದವರಿದ್ದಾರೋ ಎಂದು ಮತ್ತೆ ಹುಡುಕುತ್ತದೆ.

ಅಚ್ಚು ಎತ್ತಲು ಎಷ್ಟು ಚುಕ್ಕಿ ಎಂದು ಸಾಫ್ಟ್‌ವೇರ್ ದಿನಾ ಕೇಳುತ್ತದೆ. ಹತ್ತಾದರೂ ಕೊಡಿ ಎನ್ನುವುದು ಅದರ ಸಲಹೆ. ನಮ್ಮ ಕಚೇರಿಯಲ್ಲಿ ಒಂದು ಎಂದೇ ಒತ್ತುವುದು ಪದ್ಧತಿ. ಆ ಒಂದು ಯಜಮಾನ ಮರುಳಯ್ಯನವರದು. ಊರು ಕಟ್ಟಿದವರು, ಕೆರೆಯ ಏರಿ ಬಿರುಕು ಬಿಟ್ಟಾಗ ಒಬ್ಬರೇ ಹೋಗಿ ತಡೆದು, ಊರನ್ನು ಉಳಿಸಿ, ತಾವು ಏರಿಯ ಕೆಳಗೆ ಉಳಿದವರು ಎಂದು ಮಕ್ಕಳ ಪಾಠದಲ್ಲೂ ಇದೆ. ಉತ್ತರದಲ್ಲಿ ಅವರ ಚುಕ್ಕಿ ಅಕ್ಕಪಕ್ಕ ಯಾರನ್ನೂ ಬಿಟ್ಟುಕೊಳ್ಳದೆ ಬೆಳಗುತ್ತದೆ. ವರ್ಷಕ್ಕೊಮ್ಮೆ ಅಚ್ಚಿನ ಹಬ್ಬ ಮಾಡುತ್ತಾರೆ. ಮಾನಿಟರಿಗೆ ಅರಿಶಿನ ಕುಂಕುಮ ಹಚ್ಚಿ, ಕೀಬೋರ್ಡಿನ ಮೇಲೆ ಸೇವಂತಿಗೆ ಉದುರಿಸಿ, ಮಂಗಳಾರತಿಯ ಹೊತ್ತಿಗೆ ಮುಖ್ಯಸ್ಥರು ಒಂದು ಎಂಬ ಕೀಲಿ ಒತ್ತುತ್ತಾರೆ. ಮುಖ್ಯಸ್ಥರು ಗುರುಸಿದ್ದಯ್ಯ, ಯಜಮಾನರ ಮರಿಮಗ. ಆಮೇಲೆ ಒಂದು ವಾರ ಕೀಲಿಗಳ ಸಂದಿಯಿಂದ ಎಸಳು ಕೆದಕುವುದು ನನ್ನ ಪಾಲಿನ ಸೇವೆ.

ಹೋದ ಬೇಸಿಗೆಯಲ್ಲಿ ಕೆರೆಯ ತೂಬಿನಲ್ಲಿ ಹೂಳು ತೆಗೆಯಲು ಇಬ್ಬರು ಇಳಿದರು. ಒಬ್ಬ ಮೇಸ್ತ್ರಿ ಪಾಪಣ್ಣ. ಇನ್ನೊಬ್ಬ ಅವನ ಕೈಕೆಳಗಿನ ಆಳು ಸಿದ್ದರಾಜು. ನೀರು ಹೋಗುವ ಆ ಕಲ್ಲಿನ ಸುರಂಗ ಕುಸಿಯಿತು. ಅಗೆದಷ್ಟೂ ಮಣ್ಣು ಬರುತ್ತಿತ್ತು, ಯಾರ ಹೆಣವೂ ಸಿಗಲಿಲ್ಲ. ಸರಿ, ಆಕಾಶ ನೋಡಿಕೊಳ್ಳುತ್ತದೆ ಎಂದು ಎಲ್ಲರೂ ಸುಮ್ಮನಾದರು. ಒಟ್ಟಿಗೆ ಸತ್ತವರ ಚುಕ್ಕಿಗಳು ಪೂರ್ವ ಪಶ್ಚಿಮವಾಗಿ, ಮೈಗೆ ಮೈ ತಾಗಿಸಿಕೊಂಡು ಬರುತ್ತವೆ ಎನ್ನುವುದು ನಮ್ಮಲ್ಲಿ ಚಿಕ್ಕವರಿಗೂ ಗೊತ್ತು. ಮಾರನೆಯ ದಿನದ ಚಿತ್ರಕ್ಕೆ ನಾನೇ ಅಚ್ಚು ಕೂರಿಸಿದೆ. ಹೊಸ ಚುಕ್ಕಿ ಒಂದೇ ಎಂದು ಬಂತು. ಗುರುಸಿದ್ದಯ್ಯನವರು ಪಟದ ಮೇಲೆ ಪಾಪಣ್ಣನ ಹೆಸರು ಬರೆಸಿದರು. ಅವನದೇ ಯಾಕೆ ಎಂದು ಒಬ್ಬರೂ ಕೇಳಲಿಲ್ಲ, ಅವನು ಮೇಸ್ತ್ರಿಯಲ್ಲವೇ.

ಅಲ್ಲಿಂದ ಮುಂದಿನ ಲೆಕ್ಕವನ್ನು ಊರೇ ಮಾಡಿಕೊಂಡಿತು. ಚುಕ್ಕಿ ಒಂದು, ಸತ್ತವನು ಒಬ್ಬ. ಹಾಗಾದರೆ ಸಿದ್ದರಾಜು ಬದುಕಿದ್ದಾನೆ. ಬದುಕಿದ್ದವನು ಮನೆಗೆ ಯಾಕೆ ಬರಲಿಲ್ಲ? ಹೆದರಿಕೊಂಡಿದ್ದಾನೆ. ಯಾಕೆ ಹೆದರಬೇಕು? ಸುರಂಗಕ್ಕೆ ಕೊಟ್ಟಿದ್ದ ಆನಿಕೆಮರವನ್ನು ಅವನೇ ಒದ್ದಿರಬೇಕು. ಮೇಸ್ತ್ರಿಯ ಮೇಲೆ ಹೊಟ್ಟೆಯುರಿ ಇತ್ತಂತೆ. ಎರಡು ವಾರದಲ್ಲಿ ಅವನು ತೂಬಿನ ಆಚೆ ಬಾಯಿಂದ ತೆವಳಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ಪಾಪಣ್ಣನ ಮಕ್ಕಳು ಬೇಕೆಂದಾಗ ಸಿದ್ದರಾಜುವಿನ ಮನೆಗೆ ನುಗ್ಗಿ, ಅಟ್ಟ ಹತ್ತಿ, ಒನಕೆಯಿಂದ ಹಾಸಿಗೆ ತಿವಿದು ನೋಡಿ ಹೋಗುತ್ತಿದ್ದರು.

ಆ ಮನೆಯಲ್ಲಿದ್ದವಳು ಅವನ ಹೆಂಡತಿ ದೇವೀರಮ್ಮ. ಬಸ್ ನಿಲ್ದಾಣದ ಬಳಿ ಕಡ್ಲೆಪುರಿ ಮಾರುವವಳು. ಈಗ ಅವಳ ಹತ್ತಿರ ಯಾರೂ ಕೊಳ್ಳುತ್ತಿರಲಿಲ್ಲ. ವ್ಯಾಪಾರವಿಲ್ಲದ ಮೇಲೆ ಅವಳು ದಿನಾ ನಮ್ಮ ಕಚೇರಿಗೆ ಬಂದು ಕಿಟಕಿಯ ಹತ್ತಿರ ನಿಲ್ಲತೊಡಗಿದಳು.

"ಅಕ್ಕಾ, ಇನ್ನೊಂದ್ಸಲ ನೋಡಕ್ಕಾ."

"ನೋಡಿದೀನಿ ದೇವೀರಮ್ಮ. ಒಂದೇ ಇದೆ."

"ಅವ್ರು ಎದ್ದು ಬರ್ಲಿ ಅಂತ ಕೇಳ್ತಿಲ್ಲ ನಾನು. ಸತ್ತವ್ರೆ ಅಂತ ಒಂದ್ಮಾತು ಹೇಳ್ಬುಡಿ, ಸಾಕು. ಈ ಬಳೆ ನೋಡಿ. ಹಾಕ್ಕಂಡಿದ್ರೆ, ಗಂಡ ಎಲ್ಲವ್ನೆ ಅಂತ ಇವ್ಳಿಗೆ ಗೊತ್ತು ಅಂತಾರೆ. ತಗುದ್ರೆ, ನಾಟ್ಕ ಆಡ್ತಾಳೆ ಅಂತಾರೆ. ನಾನೇನ್ ಮಾಡ್ಲಕ್ಕಾ?"

"ಯಂತ್ರ ಹೇಳಿದ್ದನ್ನ ನಾನು ಹೇಳ್ತೀನಿ ಕಣಮ್ಮ."

"ಯಂತ್ರುದ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ. ನಮ್ ಕುಸುಮುನ್ನ ಹುಡ್ಕಿ ಕೊಟ್ಟೋರು ನೀವೇ ಅಲ್ವ? ಅದ್ಕೇ ಇಲ್ಗೇ ಬತ್ತೀನಿ."

ಕುಸುಮ ಅವಳ ಒಬ್ಬಳೇ ಮಗಳು. ಹನ್ನೊಂದು ವರ್ಷದ ಹಿಂದೆ, ನಾನು ಇನ್ನೂ ಕೆಲಸಕ್ಕೆ ಸೇರದಿದ್ದಾಗ, ನಾಲ್ಕು ವರ್ಷದ ಆ ಮಗು ಸಂತೆಯಲ್ಲಿ ಕೈತಪ್ಪಿತು. ಒಂದು ವಾರ ಹುಡುಕಿದರು. ಆಮೇಲೆ ಕಚೇರಿಯವರು ಸತ್ತುಹೋಗಿದ್ದ ಅದರ ಅಜ್ಜಿಯ ಚುಕ್ಕಿಯ ಪಕ್ಕದಲ್ಲಿ ಒಂದು ಪುಟ್ಟ ಚುಕ್ಕಿ ಪತ್ತೆ ಮಾಡಿ ಪಟ ಕೊಟ್ಟರು. ಮಕ್ಕಳು ಸತ್ತರೆ ಅಜ್ಜಿಯ ಮಗ್ಗುಲು ಸೇರುತ್ತವೆ ಎಂದು ನಮ್ಮಲ್ಲಿ ನಂಬಿಕೆ. ಗಂಡ ಹೆಂಡತಿ ಹುಡುಕುವುದನ್ನು ಬಿಟ್ಟು ತಿಥಿ ಮಾಡಿದರು. ಈಗ ಆ ಪಟವನ್ನು ನೆನೆದು ಅವಳು ನನಗೆ ಕೈ ಮುಗಿಯುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಕೈ ಮುಗಿಯುವುದು ನನಗೆ ಕಿರಿಕಿರಿಯಾಗುತ್ತಿತ್ತು.

ಆ ಕಿರಿಕಿರಿ ತಡೆಯಲಾರದೆಯೇ ಒಂದು ದಿನ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಒಂದೇ ಚುಕ್ಕಿ ಎಂದು ಅವಳ ಕಣ್ಣೆದುರಿಗೇ ತೋರಿಸಿಬಿಟ್ಟರೆ ಬರುವುದು ನಿಲ್ಲಿಸುತ್ತಾಳೆ ಎಂದುಕೊಂಡೆ. ಪಾಪಣ್ಣನ ಚುಕ್ಕಿಯ ಮೇಲೆ ಅಚ್ಚು ಕೂರಿಸಿ ಬೆಳಕನ್ನು ಕಳೆದೆ. ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಜಾಗ ಕಪ್ಪಾಯಿತು, ಚೂರು ಪುಡಿಯೂ ಉಳಿಯಲಿಲ್ಲ. ನೋಡಿದ್ಯಾ, ಏನೂ ಇಲ್ಲ, ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಅವಳು ಹೋದ ಮೇಲೆ ನನಗೆ ಹೊಳೆಯಿತು, ಇಷ್ಟು ಶುದ್ಧವಾಗಿ ಯಾರೂ ಕಳೆದುಹೋಗುವುದಿಲ್ಲವಲ್ಲ ಎಂದು.

ನಮ್ಮಲ್ಲಿ ಯಾವ ದೊಡ್ಡ ಚುಕ್ಕಿಯನ್ನು ಕಳೆದರೂ ಎಡಬಲದಲ್ಲಿ ಎರಡು ಗುಂಡಿಯೂ ಮೇಲೆ ಕೆಳಗೆ ಒಂದಿಷ್ಟು ಪುಡಿಬೆಳಕೂ ಉಳಿಯುತ್ತದೆ. ಗಾಳಿಯ ದೋಷ, ತಲೆ ಕೆಡಿಸಿಕೊಳ್ಳಬೇಡ ಎಂದು ಸೇರಿದ ದಿನವೇ ಹೇಳಿಕೊಟ್ಟಿದ್ದರು. ಯಜಮಾನರ ಅಚ್ಚಿಗೆ ಕರಾರುವಾಕ್ಕಾಗಿ ಹೊಂದುವುದು ಯಜಮಾನರ ಚುಕ್ಕಿ ಮಾತ್ರ. ಹಾಗಿರುವಾಗ, ಬೀಡಿ ಸೇದಿಕೊಂಡು ಆಳುಗಳನ್ನು ಬೈದುಕೊಂಡಿದ್ದ ಪಾಪಣ್ಣ ಯಜಮಾನರ ತದ್ರೂಪವಾಗಿ ಹರಡಿದ್ದು ಹೇಗೆ? ಹಳೆಯ ಚಿತ್ರಗಳನ್ನು ತೆಗೆದೆ. ಹೀಗೆ ಒರೆಸಿದಂತೆ ಕಳೆದುಹೋಗುವ ಇನ್ನೊಂದು ಚುಕ್ಕಿ ಸಿಕ್ಕಿತು. ಅದು ಒಂದೇ ಬಾವಿಗೆ ಬಿದ್ದು ಸತ್ತ ಅಣ್ಣತಮ್ಮಂದಿರದು. ಹೆಣ ಎರಡೂ ಸಿಕ್ಕಿದ್ದವು, ಆದರೂ ಕಚೇರಿಗೆ ಕಂಡದ್ದು ಒಂದೇ ಚುಕ್ಕಿ. ಅಷ್ಟು ಅನ್ಯೋನ್ಯವಾಗಿದ್ದರು, ಮೇಲೆ ಹೋಗಿ ಒಂದಾಗಿಬಿಟ್ಟರು ಎಂದು ಊರೆಲ್ಲ ಕಣ್ಣೀರು ಹಾಕಿತ್ತು. ಅಣ್ಣ ತಮ್ಮ ಒಂದಾಗಬಹುದು, ಮೇಸ್ತ್ರಿಯೂ ಆಳೂ ಒಂದಾಗುತ್ತಾರೆ ಎಂದು ಯಾರಿಗೆ ತಾನೇ ತೋಚುತ್ತದೆ.

ಮಾರನೆಯ ಬೆಳಿಗ್ಗೆ ಸಾಫ್ಟ್‌ವೇರ್ ಎಷ್ಟು ಚುಕ್ಕಿ ಎಂದು ಕೇಳಿದಾಗ ಮೊದಲ ಸಲ ಹತ್ತು ಎಂದು ಒತ್ತಿದೆ. ಪಶ್ಚಿಮದ ಅಂಚಿನಲ್ಲಿ ಹಿಂದು ಮುಂದು ಯಾರೂ ಇಲ್ಲದೆ ಬಿದ್ದಿರುವ ಕುಂಬಾರರ ಚೆನ್ನಾಜಿಯನ್ನು ಆರಿಸಿದೆ. ಅವಳಂತೆಯೇ ಒಂಟಿಯಾಗಿ ಸತ್ತ ಇನ್ನೂ ಒಂಬತ್ತು ಜನರನ್ನು ಸೇರಿಸಿದೆ. ಅಚ್ಚು ಎದ್ದು ಬಂತು. ರಾಗಿ ಮುದ್ದೆಯಂತೆ ಗುಂಡಗಿತ್ತು. ಇಷ್ಟು ವರ್ಷ ನಾವು ಬಳಸಿದ್ದು ಅಡ್ಡಕ್ಕೆ ಉದ್ದವಾಗಿದ್ದ ಅಚ್ಚು. ನಮ್ಮ ಗಾಳಿಯೇ ಹಾಗೆ, ಅಡ್ಡ ಬೀಸುತ್ತದೆ ಎಂದು ಅದಕ್ಕೊಂದು ಕಾರಣವನ್ನೂ ಇಟ್ಟುಕೊಂಡಿದ್ದೆವು.

ಗುಂಡಗಿನ ಅಚ್ಚನ್ನು ಪಾಪಣ್ಣನ ಚುಕ್ಕಿಯ ಮೇಲೆ ಕೂರಿಸಿದೆ. ಒಂದು ಸಾಲಲಿಲ್ಲ. ಎರಡು ಕೂತವು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು. ಸಿದ್ದರಾಜು ಅಲ್ಲೇ ಇದ್ದ. ಕುಸಿದ ಕ್ಷಣದಿಂದಲೂ ಮೇಸ್ತ್ರಿಯ ಮಗ್ಗುಲಲ್ಲೇ ಇದ್ದ. ಆಮೇಲೆ ಕೈ ಸುಮ್ಮನಿರದೆ ಯಜಮಾನರ ಮೇಲೂ ಕೂರಿಸಿದೆ. ಅಲ್ಲಿಯೂ ಎರಡು ಕೂತವು.

ಗುರುಸಿದ್ದಯ್ಯನವರನ್ನು ಕರೆದು ಪರದೆ ತೋರಿಸಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿಕೊಂಡರು.

"ನಮ್ಮಜ್ಜಿ ಹೇಳ್ತಿದ್ರು ವಾರಿಜಾ. ಮುತ್ತಾತ ಏರಿ ಮೇಲೆ ಹೋದಾಗ ಪಂಜು ಹಿಡಿಯೋನು ಒಬ್ಬ ಜೊತೇಲಿದ್ದ ಅಂತ. ಇರ್ಲೇಬೇಕಲ್ಲ, ಆ ಕತ್ತಲಲ್ಲಿ ಅವರೊಬ್ಬರೇ ಹೇಗೆ ಹೋಗ್ತಾರೆ?"

"ಅವನ ಹೆಸರೇನು ಸರ್?"

"ಹೆಸರು ಯಾರು ಇಟ್ಕೊಂಡಿದಾರೆ. ಪಂಜಿನವನು ಅಂತಿದ್ರು."

"ನಿಮಗೆ ಗೊತ್ತಿತ್ತು."

"ಅಜ್ಜಿ ಕಥೆ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು. ಅಚ್ಚು ಬದಲಾಯಿಸಿದ್ರೆ ಸಿದ್ದರಾಜು ಸಿಗ್ತಾನೆ, ಒಪ್ಪಿದೆ. ಹೋಗೋರು ಎಷ್ಟು ಜನ ಅಂತ ನೋಡಿದ್ಯಾ? ಇಡೀ ಆಕಾಶಕ್ಕೆ ಹಾಕು. ಹಾಕಿ ನೋಡಿ, ಆಮೇಲೆ ನನ್ನ ಹತ್ರ ನ್ಯಾಯ ಮಾತಾಡು."

ಹೋಗುವವರು ಎಂದರೆ ಏನೆಂದು ಆಗ ನನಗೆ ಅರ್ಥವಾಗಿರಲಿಲ್ಲ. ಕಂಪ್ಯೂಟರ್ ಲೆಕ್ಕ ಮುಗಿಸುವ ಹೊತ್ತಿಗೆ ಅರ್ಥವಾಯಿತು. ತಪ್ಪು ಅಚ್ಚಿನಿಂದ ದೊಡ್ಡ ಚುಕ್ಕಿಯನ್ನು ಕಳೆದರೆ ಪುಡಿಬೆಳಕು ಉಳಿಯುತ್ತದೆ ಎಂದೆನಲ್ಲ. ಆ ಪುಡಿ ಚಿಕ್ಕ ಚುಕ್ಕಿಯ ಹಾಗೆಯೇ ಕಾಣುತ್ತದೆ. ಯಾರದಾದರೂ ಮನೆಯವರು ಬಂದು, ಕಾಣೆಯಾದವರು ಎಲ್ಲಿ, ನೋಡಿ, ನೋಡಿ ಎಂದು ಅತ್ತಾಗ, ಅವರ ಅಜ್ಜಿಯದೋ ತಾತನದೋ ಚುಕ್ಕಿಯ ಸುತ್ತ ಕೆದಕಿದರೆ ಅಂಥ ಒಂದು ಪುಡಿ ಸಿಗದೇ ಇರುವುದಿಲ್ಲ. ಕಚೇರಿ ಅದನ್ನು ಪಟ ಮಾಡಿ ಕೊಟ್ಟಿದೆ. ಗುಂಡಗಿನ ಅಚ್ಚಿನಲ್ಲಿ ದೊಡ್ಡ ಚುಕ್ಕಿಗಳು ಸ್ವಚ್ಛವಾಗಿ ಕಳೆದುಹೋದವು, ಅವುಗಳ ಜೊತೆ ಆ ಪುಡಿಗಳೂ ಹೋದವು. ಹಾಗೆ ಹೋದವುಗಳಲ್ಲಿ ಕುಸುಮ ಒಬ್ಬಳು.

ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬೇರೆ ಕಡೆ ಇರಬಹುದು, ಅಜ್ಜಿಯ ಪಕ್ಕದಲ್ಲೇ ಇರಬೇಕೆಂದೇನು ಎಂದು ಆ ವರ್ಷದಿಂದ ಈಚೆಗಿನ ಎಲ್ಲ ಚಿತ್ರಗಳನ್ನೂ ಹೊಸ ಅಚ್ಚಿನಲ್ಲಿ ಹಾಕಿ ನೋಡಿದೆ. ಯಾರೂ ಕೇಳದೆ ಬಿದ್ದಿರುವ ಚುಕ್ಕಿ ಒಂದಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಆ ಮಗು ಸತ್ತಿರಲಿಲ್ಲ, ಇವತ್ತಿಗೂ ಸತ್ತಿಲ್ಲ. ಹನ್ನೊಂದು ವರ್ಷದಿಂದ ಎಲ್ಲೋ ಇದ್ದಾಳೆ, ಇವರು ಇಲ್ಲಿ ತಿಥಿ ಮಾಡುತ್ತಿದ್ದಾರೆ.

ಗುರುಸಿದ್ದಯ್ಯನವರಿಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಅದಕ್ಕೇ ಹೇಳಿದ್ದು. ಜನಕ್ಕೆ ಒಂದು ಸಮಾಧಾನ ಕೊಟ್ಟಿದೀವಿ. ಕೊಟ್ಟಿದ್ದನ್ನ ಕಿತ್ಕೊಳ್ಳೋದು ಒಳ್ಳೇದಲ್ಲ."

"ಸಮಾಧಾನ ಅಲ್ಲ ಸರ್ ಇದು. ಹುಡುಕ್ತಿದ್ದವರನ್ನ ಕೈ ಹಿಡಿದು ಕೂರಿಸಿದೀವಿ."

"ಬೇಕು ಅಂತ ಮಾಡಿದ್ವಾ? ನೀನು ನಾಳೆ ಆಕಾಶ ಬದಲಾಯ್ತು ಅಂತ ಕೂಗು, ಊರು ಏನಾಗತ್ತೆ ನೋಡು. ಆ ಹೆಂಗಸಿಗೆ ಬೇಕಾಗಿರೋದು ಗಂಡನ ಪಟ ತಾನೇ? ಅಚ್ಚು ಹಾಗೇ ಇರ್ಲಿ. ಪಾಪಣ್ಣನ ಪಕ್ಕದಲ್ಲಿ ಕೈಯಲ್ಲೇ ಒಂದು ಬೊಟ್ಟು ಹಾಕು, ನಾನು ಸೀಲು ಒತ್ತಿ ಕೊಡ್ತೀನಿ. ಮಗಳ ವಿಷಯ ಎತ್ತಬೇಡ. ಅವಳೂ ನೆಮ್ಮದಿಯಾಗಿರ್ತಾಳೆ, ನೀನೂ ನೆಮ್ಮದಿಯಾಗಿರು."

ನಾನು ಬೊಟ್ಟು ಹಾಕಿದೆ. ಗುಂಡಗಿನ ಅಚ್ಚು ತೋರಿಸಿದ ಜಾಗದಲ್ಲೇ, ಒಂದು ಪಿಕ್ಸೆಲ್ ಆಚೀಚೆಯಾಗದಂತೆ ಹಾಕಿದೆ. ಅವರು ಸೀಲು ಒತ್ತಿದರು. ಪಟ ಹಿಡಿದುಕೊಂಡು ದೇವೀರಮ್ಮನ ಮನೆಗೆ ನಾನೇ ಹೋದೆ. ದಾರಿಯುದ್ದಕ್ಕೂ, ಕೊಟ್ಟು ಬಂದುಬಿಡೋಣ, ಅವಳು ಕೇಳಿದ್ದು ಇಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ಪಟವನ್ನು ಎರಡು ಕೈಯಲ್ಲಿ ಹಿಡಿದು ನ್ಯಾಯವಾಗಿ ಅತ್ತಳು. ಬೀದಿಗೆ ಕೇಳುವ ಹಾಗೆ ಅತ್ತಳು. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದರೆ, "ನೋಡ್ರೇ, ನನ್ ಗಂಡ ಸತ್ತವ್ನೆ, ನೋಡ್ರೇ" ಎಂದು ತೋರಿಸಿದಳು. ಅಂಥ ಸಂತೋಷವನ್ನು ನಾನು ಯಾವ ಮದುವೆ ಮನೆಯಲ್ಲೂ ಕಂಡಿಲ್ಲ. ಅವರು ಹೋದ ಮೇಲೆ ಕಣ್ಣೊರೆಸಿಕೊಂಡು, ಗೋಡೆಯಲ್ಲಿ ಕುಸುಮಳ ಪಟದ ಪಕ್ಕ ಮೊಳೆ ಹೊಡೆಯಲು ಕಲ್ಲುಗುಂಡು ಎತ್ತಿಕೊಂಡಳು.

"ಅಪ್ಪ ಮಗ್ಳು ಜೊತೇಲಿರ್ಲಿ ಅಕ್ಕಾ," ಎಂದಳು.

ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅಚ್ಚು, ಪುಡಿಬೆಳಕು ಎಲ್ಲ ಅವಳಿಗೆ ಬೇಕಿರಲಿಲ್ಲ, ನಾನೂ ಹೆಚ್ಚು ವಿವರಿಸಲಿಲ್ಲ. ಗೋಡೆಯ ಮೇಲಿರೋದು ಕುಸುಮ ಅಲ್ಲ ದೇವೀರಮ್ಮ, ನಿಮ್ಮತ್ತೆಯ ಚುಕ್ಕಿಯ ಬೆಳಕನ್ನೇ ಒಂದು ಚೂರು ತಪ್ಪು ಮಾಡಿ ಕತ್ತರಿಸಿ ಕೊಟ್ಟಿದಾರೆ, ನಿನ್ನ ಮಗಳು ಬದುಕಿದಾಳೆ, ಎಂದೆ.

ಅವಳು ಕಲ್ಲುಗುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

"ಕೈ ಬುಟ್ಟಿದ್ದು ನಾನೇ," ಎಂದಳು. "ಬತ್ತಾಸು ಕೊಡ್ಸು ಅಂತಿದ್ಲು. ದುಡ್ಡು ಕೊಟ್ಟು ತಿರುಗ್ತೀನಿ, ಇಲ್ಲ. ಪಟ ಬಂದ್ ದಿನ ಅವ್ಳಪ್ಪ ಚಪ್ಲಿ ಮೆಟ್ಕಂಡು ನಿಂತಿದ್ರು ಅಕ್ಕಾ. ಘಟ್ಟುದ್ ಕಡೆ ಹಾದಿ ಒಂದು ಉಳ್ದದೆ, ನೋಡ್ಕಬತ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ. ಆಫೀಸ್ನೋರು ಅಷ್ಟು ದೊಡ್ಡೋರು, ಅವ್ರು ಸುಳ್ಳು ಹೇಳ್ತಾರಾ, ಮಗಾನ ನೆಮ್ಮದಿಯಾಗ್ ಮಲಗಕ್ ಬುಡಿ ಅಂದೆ."

"ನಿನ್ನದೇನು ತಪ್ಪು ಇದರಲ್ಲಿ?"

"ಅವ್ಳಿಗೆ ಈಗ ಹದ್ನೈದು. ಮೈ ನೆರ್ದಿರ್ತಾಳೆ. ಯಾರ್ ಮನೇಲಿ ಮುಸುರೆ ತಿಕ್ತಾವ್ಳೋ. ನಮ್ಮವ್ವ ನನ್ನ ಹುಡುಕ್ಲೇ ಇಲ್ಲ ಅಂದ್ಕಂಡಿರ್ತಾಳೆ, ಅಲ್ವಾ ಅಕ್ಕಾ?"

ಅವಳು ಗಂಡನ ಪಟವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ನಾನಿಲ್ಲದಾಗ ಇದು ಇಲ್ಲಿದ್ದರೆ ಪಾಪಣ್ಣನ ಮಕ್ಕಳು ಹರಿದುಹಾಕುತ್ತಾರೆ, ನಿನ್ನ ಹತ್ತಿರ ಇಟ್ಟುಕೋ ಎಂದಳು. ಮಾರನೆಯ ದಿನ ಬೆಳಿಗ್ಗೆ ಘಟ್ಟದ ಕಡೆಯ ಮೊದಲ ಬಸ್ಸಿಗೆ ಹೋದಳಂತೆ. ಗೋಡೆಯಲ್ಲಿದ್ದ ಮಗಳ ಪಟವನ್ನು ತೆಗೆದು ಒಲೆಗೆ ಹಾಕಿದ್ದಳು, ಕಪ್ಪು ಕಾಗದದ ಬೂದಿ ಹಾಗೇ ಮಡಿಕೆ ಮಡಿಕೆಯಾಗಿ ಉಳಿದಿತ್ತು.

ನಾನು ಸುಮ್ಮನಿರಬಹುದಿತ್ತು. ಆದರೆ ಆ ಸೋಮವಾರ ಸಂತೆಯ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಯಜಮಾನರು ಒಬ್ಬರೇ ಸಾಯಲಿಲ್ಲ, ಜೊತೆಗೆ ಪಂಜು ಹಿಡಿದವನೂ ಸತ್ತ. ಆ ಇಬ್ಬರನ್ನು ಒಬ್ಬರೆಂದು ಎಣಿಸಿ ಅದೇ ಅಳತೆಯಿಂದ ಎಲ್ಲರನ್ನೂ ಅಳೆದಿದ್ದೇವೆ. ಸಿದ್ದರಾಜು ಯಾರನ್ನೂ ಕೊಂದಿಲ್ಲ. ನಿಮ್ಮ ಮನೆಗಳ ಗೋಡೆಯ ಮೇಲೆ ತೂಗುತ್ತಿರುವ ಕೆಲವು ಪಟಗಳಲ್ಲಿ ಯಾರೂ ಇಲ್ಲ, ಅವರು ಬದುಕಿರಬಹುದು, ಬನ್ನಿ, ನೋಡಿ ಹೇಳುತ್ತೇನೆ ಎಂದು ಕೂಗಿದೆ. ಟೊಮೆಟೊ ಆರಿಸುತ್ತಿದ್ದವರು ಆರಿಸುತ್ತಲೇ ಇದ್ದರು.

ಗುರುಸಿದ್ದಯ್ಯನವರು ಜಾಣರು. ಯಜಮಾನರ ಸುದ್ದಿಗೇ ಹೋಗಲಿಲ್ಲ. ಸಿದ್ದರಾಜುವಿನ ಪಟದ ಬೊಟ್ಟನ್ನು ಸಾಫ್ಟ್‌ವೇರ್ ಕಂಡುಹಿಡಿದದ್ದಲ್ಲ, ವಾರಿಜಾ ತನ್ನ ಕೈಯಾರೆ ಬರೆದದ್ದು, ಮುಖ್ಯಸ್ಥರ ಕಣ್ಣು ತಪ್ಪಿಸಿ ಸೀಲು ಹಾಕಿಕೊಂಡಿದ್ದಾಳೆ ಎಂದು ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿಸಿದರು. ಕೈಯಾರೆ ಬರೆದದ್ದಂತೂ ಹೌದು. ಪಟವನ್ನು ರದ್ದು ಮಾಡಿದರು, ನನ್ನನ್ನು ಮನೆಗೆ ಕಳಿಸಿದರು. ಸಿದ್ದರಾಜು ಮತ್ತೆ ಓಡಿಹೋದ ಕೊಲೆಗಾರನಾದ. ನನ್ನ ಕುರ್ಚಿಯಲ್ಲಿ ಈಗ ಇನ್ನೊಬ್ಬಳು ಕೂತು ದಿನಾ ಒಂದು ಎಂದು ಒತ್ತುತ್ತಾಳೆ.

ಜನ ನನ್ನ ಮನೆಗೆ ಬಾರದೇ ಇರಲಿಲ್ಲ. ಒಬ್ಬೊಬ್ಬರಾಗಿ, ಆಚೀಚೆ ನೋಡಿಕೊಂಡು ಬಂದರು. ಮೊದಲು ಬಂದವನು ಟೈಲರ್ ಅಂಗಡಿಯ ಶಾಂತಪ್ಪ. ಅವನ ಮೊದಲ ಹೆಂಡತಿ ಜಗಳವಾಡಿ ಹೋದವಳು ಬರಲೇ ಇಲ್ಲ, ಆಮೇಲೆ ಕಚೇರಿ ಅವಳ ಪಟ ಕೊಟ್ಟಿತ್ತು. "ನೀವು ನಮ್ಮವಳದ್ದು ಮಾತ್ರ ನೋಡಬೇಡಿ ವಾರಿಜಮ್ಮ," ಎಂದ. "ನನಗೀಗ ಎರಡು ಮಕ್ಕಳಿದಾವೆ." ಮಗನನ್ನು ಕಳೆದುಕೊಂಡಿದ್ದ ಒಬ್ಬ ಮುದುಕಿ ನನ್ನ ಗಲ್ಲ ಹಿಡಿದುಕೊಂಡು, "ಬದುಕಿದ್ದೂ ಬರ್ಲಿಲ್ಲ ಅನ್ನೋದ್ಕಿಂತ ಸತ್ತವ್ನೆ ಅನ್ನೋದೇ ವಾಸಿ ಕಣವ್ವ, ನೀನು ಬಾಯ್ ಬುಡ್ಬ್ಯಾಡ" ಎಂದಳು. ನೋಡಿ ಹೇಳು ಎಂದು ಕೇಳಿಕೊಂಡು ಬಂದವರು ಒಬ್ಬರೂ ಇಲ್ಲ. ನಾನು ಅವರನ್ನು ತಪ್ಪು ಎನ್ನಲಾರೆ, ಕ್ಷಮಿಸಲೂ ಆರೆ.

ದೇವೀರಮ್ಮ ಹೋಗಿ ಮೂರು ತಿಂಗಳಾಯಿತು. ನೀರು ಹಿಡಿಯುವ ಕಡೆ, ಹಿಟ್ಟಿನ ಗಿರಣಿಯ ಕಡೆ, ಎಲ್ಲಿ ಹೋದರೂ ಅವಳದೇ ಮಾತು. "ನೋಡಿದ್ರಾ, ಗಂಡ ಎಲ್ಲಿದಾನೆ ಅಂತ ಅವಳಿಗೆ ಮೊದಲಿಂದ್ಲೂ ಗೊತ್ತಿತ್ತು. ಗಲಾಟೆ ತಣ್ಣಗಾಗ್ಲಿ ಅಂತ ಕಾದು, ಅವನ ಹತ್ರಾನೇ ಓಡಿಹೋದ್ಲು," ಎಂದು ನನ್ನ ಮುಖದ ಮೇಲೆಯೇ ಹೇಳುತ್ತಾರೆ. ಪಾಪಣ್ಣನ ಮಕ್ಕಳು ಆ ಮನೆಗೆ ಬೀಗ ಜಡಿದಿದ್ದಾರೆ. ನಾನು ಪ್ರತಿ ಸಲವೂ ಕೊಡ ಕೆಳಗಿಟ್ಟು ಅದೇ ಉತ್ತರ ಕೊಡುತ್ತೇನೆ. ಅವಳು ಓಡಿಹೋಗಲಿಲ್ಲ, ಮಗಳನ್ನು ಹುಡುಕಲು ಹೋದಳು. ಹನ್ನೊಂದು ವರ್ಷ ತಡವಾಗಿ ಹೋದಳು, ಆ ತಡ ನಮ್ಮದು. ಅವರು ಕೇಳಿಸಿಕೊಳ್ಳುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಕೊಡ ತುಂಬಿಸಿಕೊಂಡು ಹೋಗುತ್ತಾರೆ.